‘ಪ್ರಕೃತ್ಯಾಧಾರಿತ ಪರಿಹಾರ’ವೆಂಬುದರ ಲಕ್ಷಣಪರೀಕ್ಷೆ

೧. ವಿಷಯಪ್ರವೇಶ

ಶಾಸ್ತ್ರದ ಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರು ಬಗೆಯೆಂಬುದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಮತ. ವಸ್ತುವನ್ನು ಹೆಸರಿಸುವುದು ಉದ್ದೇಶ. ಅದನ್ನು ಇತರ ವಸ್ತುಗಳಿಂದ ಬೇರ್ಪಡಿಸುವ ಅಸಾಧಾರಣಧರ್ಮವನ್ನು ಹೇಳುವುದು ಲಕ್ಷಣ. ಹಾಗೆ ಹೇಳಿದುದು ಆ ವಸ್ತುವಿಗೆ ಒಪ್ಪುವುದೋ ಇಲ್ಲವೋ ಎಂದು ಪ್ರಮಾಣಗಳಿಂದ ನಿಶ್ಚಯಿಸುವುದು ಪರೀಕ್ಷೆ. ಹೊಸ ಮಾತೊಂದು ಲೋಕದಲ್ಲಿ ಬಹುಬೇಗನೆ ಪ್ರಚಾರಕ್ಕೆ ಬಂದಾಗ ಮೊದಲನೆಯ ಎರಡು ಕಾರ್ಯಗಳು ಆತುರದಿಂದ ನಡೆದು ಮೂರನೆಯದು ಹಿಂದುಳಿಯುವುದುಂಟು. ಹವಾಗುಣದ ಮಾರ್ಪಾಟಿನ ಕುರಿತ ಚರ್ಚೆಗಳಲ್ಲಿ ಈಗ ಎಲ್ಲೆಲ್ಲಿಯೂ ಕೇಳಿಬರುವ ‘ಪ್ರಕೃತ್ಯಾಧಾರಿತ ಪರಿಹಾರ’ವೆಂಬ ಮಾತಿಗೂ ಹೀಗೆಯೇ ಆಗಿದೆ.

ವಿಶ್ವಬ್ಯಾಂಕು ೨೦೦೮ರಲ್ಲಿ ಹೊರಡಿಸಿದ ಒಂದು ವರದಿಯ ಶೀರ್ಷಿಕೆಯಲ್ಲಿಯೇ ಈ ಪದಪುಂಜವಿದ್ದಿತು. ಮರುವರ್ಷ ಜೀವವೈವಿಧ್ಯದ ಒಡಂಬಡಿಕೆಗೆ ಸೇರಿದ ತಜ್ಞರ ಸಮಿತಿಯು ಇದರ ಸೋದರಪದವಾದ ‘ಜೀವಮಂಡಲಾಧಾರಿತ ಹೊಂದಾಣಿಕೆ’ಗೆ ಒಂದು ಲಕ್ಷಣವನ್ನು ಕೊಟ್ಟಿತು. ೨೦೧೬ರಲ್ಲಿ ಹವಾಯಿಯಲ್ಲಿ ನೆರೆದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣ ಸಂಘದ ಮಹಾಧಿವೇಶನವು ಮೂಲಪದಕ್ಕೇ ಲಕ್ಷಣವನ್ನು ಅಂಗೀಕರಿಸಿತು. ಕಡೆಗೆ ೨೦೨೨ರ ಮಾರ್ಚಿ ತಿಂಗಳಲ್ಲಿ ನೈರೋಬಿಯಲ್ಲಿ ಸೇರಿದ ವಿಶ್ವಸಂಸ್ಥೆಯ ಪರಿಸರ ಸಭೆಯು, ಹಿಂದಿನದನ್ನು ವಿಸ್ತರಿಸಿ, ರಾಷ್ಟ್ರಗಳೆಲ್ಲ ಒಪ್ಪತಕ್ಕ ಲಕ್ಷಣವೊಂದನ್ನು ನಿರ್ಣಯರೂಪದಲ್ಲಿ ಸ್ಥಾಪಿಸಿತು. ಅದರ ತಾತ್ಪರ್ಯವಿಷ್ಟು: ನೆಲ, ಸಿಹಿನೀರು, ಕರಾವಳಿ, ಕಡಲು ಇವುಗಳಲ್ಲಿರುವ ಸಹಜವಾದ ಅಥವಾ ಮಾರ್ಪಾಟು ಹೊಂದಿದ ಜೀವಮಂಡಲಗಳನ್ನು ರಕ್ಷಿಸುವ, ಪುನಃ ನೆಲೆಗೊಳಿಸುವ, ಬಾಳಿಕೆ ಬರುವಂತೆ ಬಳಸುವ ಮತ್ತು ನಿರ್ವಹಿಸುವ ಕ್ರಿಯೆಗಳು ಪ್ರಕೃತ್ಯಾಧಾರಿತ ಪರಿಹಾರಗಳು, ಅವು ಸಮಾಜದ, ಅರ್ಥವ್ಯವಸ್ಥೆಯ ಮತ್ತು ಪರಿಸರದ ಸಂಕಟಗಳನ್ನು ಎದುರಿಸುತ್ತ, ಜೊತೆಯಲ್ಲಿಯೇ ಮನುಷ್ಯರ ಕ್ಷೇಮವನ್ನೂ ಜೀವವೈವಿಧ್ಯವನ್ನೂ ಸಾಧಿಸತಕ್ಕವು.

ಇದು ಬರಿಯ ಪದವಿಚಾರವೆಂದು ಉಪೇಕ್ಷಿಸತಕ್ಕುದಲ್ಲ. ಅಭಿವೃದ್ಧಿಶೀಲ ದೇಶಗಳು ಹವಾಗುಣದ ಮಾರ್ಪಾಟಿಗೆ ಹೊಂದಿಕೊಳ್ಳಬೇಕಾದರೆ ಈ ದಶಕದಲ್ಲಿ ವರ್ಷಕ್ಕೆ ೨೧,೫೦೦ ಕೋಟಿಯಿಂದ ೩೮,೭೦೦ ಕೋಟಿ ಡಾಲರುಗಳವರೆಗೆ ಬೇಕೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ೨೦೨೩ರಲ್ಲಿ ಅಂದಾಜು ಮಾಡಿತು. ೨೦೨೧ರಲ್ಲಿ ಅವುಗಳಿಗೆ ಹೊರದೇಶಗಳ ಸಾರ್ವಜನಿಕ ನಿಧಿಗಳಿಂದ ಬಂದುದಾದರೋ ಸುಮಾರು ೨,೧೦೦ ಕೋಟಿ ಡಾಲರು ಮಾತ್ರ. ದ್ರವ್ಯವು ಇಷ್ಟು ವಿರಳವಾಗಿರುವಲ್ಲಿ ಯಾವ ಕೆಲಸವು ಆ ಹೆಸರಿಗೆ ಅರ್ಹವೆಂಬ ತೀರ್ಮಾನವೇ ಯಾವ ಊರಿಗೆ ಹಣ ಸಲ್ಲುವುದು, ಯಾವ ಊರಿನ ಹುಲ್ಲುಗಾವಲು ನೆಡುತೋಪಾಗುವುದು ಎಂಬುದನ್ನು ನಿಶ್ಚಯಿಸುತ್ತದೆ. ಲಕ್ಷಣದ ದೋಷವು ಕಾಗದದಲ್ಲಿಯೇ ನಿಲ್ಲದೆ ನೆಲಕ್ಕೆ ಇಳಿಯುತ್ತದೆ.

೨. ಹೆಸರಿನ ವಿಚಾರ

ಲಕ್ಷಣಕ್ಕಿಂತ ಮೊದಲು ಹೆಸರನ್ನು ನೋಡಬಹುದು. ‘ಪ್ರಕೃತಿ’ ಎಂಬ ಶಬ್ದಕ್ಕೆ ಸಾಂಖ್ಯರು ಕೊಟ್ಟ ಅರ್ಥವು ಪ್ರಸಿದ್ಧವಾಗಿದೆ. ಅವರ ಪ್ರಕೃತಿಯು ಅಚೇತನವಾದುದು. ಅದು ಪ್ರವರ್ತಿಸುವುದು ಪುರುಷನಿಗಾಗಿ. ಪುರುಷಸನ್ನಿಧಿಯಿಲ್ಲದೆ ಅದರ ಪ್ರವೃತ್ತಿಗೆ ಪ್ರಯೋಜನವಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಸಮವಾಗಿ ಬಳಸುವ ಪದದಲ್ಲಿ ಈ ಅರ್ಥಛಾಯೆಯಿಲ್ಲ. ಅಲ್ಲಿ ಮನುಷ್ಯನ ಕೈ ಸೋಕದಿರುವುದೇ ಪ್ರಕೃತಿಯೆಂಬ ಭಾವನೆ ಮೇಲುಗೈಯಾಗಿದೆ. ಒಂದು ಪದದ ಛಾಯೆಯು ಇನ್ನೊಂದರ ಮೇಲೆ ಬಿದ್ದುದರಿಂದ, ಕಾಡು ತಾನಾಗಿ ಬೆಳೆದು ತಾನಾಗಿ ಊರನ್ನು ಕಾಯುವುದೆಂಬ ಭ್ರಾಂತಿಯು ಕನ್ನಡದ ವಾಚಕರಲ್ಲಿಯೂ ಹುಟ್ಟಲು ಅವಕಾಶವಾಗಿದೆ.

‘ಪರಿಹಾರ’ವೆಂಬ ಪದವು ಇದಕ್ಕಿಂತಲೂ ಹೆಚ್ಚು ವಿಚಾರಾರ್ಹವಾದುದು. ಸಂಸ್ಕೃತದಲ್ಲಿ ಅದಕ್ಕೆ ದೋಷವನ್ನು ನೀಗುವುದು, ಬಿಡುವುದು, ಆಕ್ಷೇಪಕ್ಕೆ ಉತ್ತರ ಕೊಡುವುದು ಎಂಬ ಅರ್ಥಗಳುಂಟು. ಕನ್ನಡದ ಹಳ್ಳಿಗಳಲ್ಲಿಯಾದರೋ ನೆರೆಯೋ ಬರವೋ ಬಂದು ಹೋದಮೇಲೆ ಸರ್ಕಾರವು ಹಂಚುವ ಹಣವೇ ಪರಿಹಾರ. ‘ಬೆಳೆ ಪರಿಹಾರ’, ‘ನೆರೆ ಪರಿಹಾರ’ ಎಂಬ ಮಾತುಗಳನ್ನು ಅರಿಯದ ಒಕ್ಕಲಿಗನಿಲ್ಲ. ಆದಕಾರಣ ‘ಪ್ರಕೃತ್ಯಾಧಾರಿತ ಪರಿಹಾರ’ವೆಂದು ಕೇಳಿದ ಗ್ರಾಮಸ್ಥನು ಪ್ರಕೃತಿಯಿಂದಾದ ನಷ್ಟಕ್ಕೆ ಕೊಡತಕ್ಕ ಹಣವೆಂದು ಅರ್ಥಮಾಡಿದರೆ ತಪ್ಪು ಅವನದಲ್ಲ. ವಿಪತ್ತು ಬಂದಮೇಲೆ ಕೊಡುವುದಕ್ಕೂ ಬರುವ ಮೊದಲೇ ತಡೆಯುವುದಕ್ಕೂ ಒಂದೇ ಪದವಾದಲ್ಲಿ ಎರಡನೆಯದು ಮೊದಲನೆಯದರೊಳಗೆ ಕರಗಿಹೋಗುವ ಭಯವುಂಟು. ‘ಉಪಾಯ’ವೆಂಬ ಪದವು ಇದಕ್ಕಿಂತ ನಿರ್ದುಷ್ಟವಾದುದು. ಆದರೂ ರೂಢಿಯು ಬಲವತ್ತರವಾದುದರಿಂದ ಮುಂದಿನ ಪರೀಕ್ಷೆಯಲ್ಲಿ ಪ್ರಚಲಿತವಾದ ಹೆಸರನ್ನೇ ಉಳಿಸಿಕೊಂಡಿದೆ.

೩. ಅತಿವ್ಯಾಪ್ತಿ

ಲಕ್ಷಣಕ್ಕೆ ಮೂರು ದೋಷಗಳು ಬರಬಹುದೆಂಬುದು ತರ್ಕವನ್ನು ಆರಂಭಿಸಿದ ಬಾಲಕನಿಗೂ ತಿಳಿದ ವಿಷಯ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸುವು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದೇ ಗೋವೆಂದರೆ ಎಮ್ಮೆಯೂ ಒಳಗೆ ಬರುವುದು, ಇದು ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಗೋವೆಂದರೆ ಯಾವ ಹಸುವಿಗೂ ಹೊಂದದು, ಇದು ಅಸಂಭವ. ಈ ಮೂರರಲ್ಲಿ ಅತಿವ್ಯಾಪ್ತಿಯನ್ನು ಮೊದಲು ಪರಿಶೀಲಿಸುವುದು ಯುಕ್ತ, ಏಕೆಂದರೆ ಹಾನಿಯು ಅದರಿಂದಲೇ ಅಧಿಕ.

ಗಿಡ ನೆಡುವ ಕಾರ್ಯಗಳೆಲ್ಲವೂ ಈ ಹೆಸರಿನ ಕೆಳಗೆ ಬಂದು ಸೇರುತ್ತಿವೆ. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಬಿರುಗಾಳಿಯ ಅಲೆಗಳನ್ನು ತಡೆಯಲೆಂದು ದಶಕಗಳ ಕಾಲ ಕಾಂಡ್ಲಾ ಗಿಡಗಳನ್ನು ನೆಡಲಾಯಿತು. ೨೦೦೮ರಲ್ಲಿ ಪ್ರಕಟವಾದ ಒಂದು ವಿಮರ್ಶಾತ್ಮಕ ಅಧ್ಯಯನದ ಪ್ರಕಾರ ಅಲ್ಲಿ ದೀರ್ಘಕಾಲ ಬದುಕಿ ಉಳಿದವು ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಾತ್ರ. ಕಾರಣವು ಗೂಢವಾದುದಲ್ಲ. ಕಾಂಡ್ಲಾ ಸಹಜವಾಗಿ ಬೆಳೆಯತಕ್ಕ ಮೇಲ್ದಂಡೆಗಳು ಮೀನು ಸೀಗಡಿಗಳ ಹೊಂಡಗಳಾಗಿ ಖಾಸಗಿಯವರ ಕೈಸೇರಿದ್ದವು. ಯಾರ ತಕರಾರೂ ಇಲ್ಲದ ಸ್ಥಳವೆಂದರೆ ಸದಾ ಅಲೆಯ ಹೊಡೆತಕ್ಕೆ ಸಿಕ್ಕುವ ಕೆಳಗಿನ ಕೆಸರುನೆಲ ಮತ್ತು ಕಡಲಹುಲ್ಲಿನ ಪ್ರದೇಶ. ಗಿಡಗಳನ್ನು ಅಲ್ಲಿಯೇ ನೆಟ್ಟರು. ಆ ದಡಕ್ಕೆ ಸಹಜವಾದ ಜಾತಿಗಳನ್ನು ಬಿಟ್ಟು, ನೆಡುವುದಕ್ಕೆ ಸುಲಭವಾದ ಒಂದೇ ಜಾತಿಯನ್ನು ಆರಿಸಿದರು. ನೆಲದ ಯೋಗ್ಯತೆಯನ್ನು ಕೇಳದೆ ನೆಲದ ಒಡೆತನವನ್ನು ಮಾತ್ರ ನೋಡಿದುದೇ ಇಲ್ಲಿ ದೋಷಮೂಲ.

ಕರ್ನಾಟಕದಲ್ಲಿ ಇದಕ್ಕೆ ಸಮಾನವಾದ ಕಥೆಯು ನೀಲಗಿರಿ ಗಿಡದ್ದು. ಸಾಮಾಜಿಕ ಅರಣ್ಯವೆಂಬ ಹೆಸರಿನಿಂದ ೧೯೮೦ರ ದಶಕದಲ್ಲಿ ಕೋಲಾರ ಮೊದಲಾದ ಒಣಸೀಮೆಗಳಲ್ಲಿ ಅದು ವಿಶೇಷವಾಗಿ ಹಬ್ಬಿತು. ರಾಗಿಯ ಹೊಲಗಳೂ ಗೋಮಾಳಗಳೂ ತೋಪುಗಳಾದವು. ಅಂತರ್ಜಲದ ವಿಷಯವಾಗಿ ದೊಡ್ಡ ವಾದವೆದ್ದಿತು. ೨೦೧೭ರಲ್ಲಿ ರಾಜ್ಯ ಸರ್ಕಾರವೇ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಸುರಾಗಿರುವುದೆಲ್ಲವೂ ಪ್ರಕೃತಿಯೆಂಬ ಭಾವನೆಯು ಕೊಂಬಿರುವುದೆಲ್ಲವೂ ಗೋವೆಂಬ ಭಾವನೆಗೆ ಸಮಾನವಾದುದು.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸಬಹುದು: ನೈರೋಬಿಯ ಲಕ್ಷಣದಲ್ಲಿ ಜೀವವೈವಿಧ್ಯದ ಲಾಭವೂ ಮನುಷ್ಯಕ್ಷೇಮವೂ ವಿಶೇಷಣಗಳಾಗಿ ಸೇರಿರುವುದರಿಂದ, ಒಂದೇ ಜಾತಿಯ ತೋಪುಗಳು ಆಗಲೇ ಹೊರಬಿದ್ದಿಲ್ಲವೆ? ಆಕ್ಷೇಪವು ಬಲವಾದುದೇ. ಆದರೆ ಆ ವಿಶೇಷಣಗಳೆರಡೂ ಫಲವಾಚಕಗಳೆಂಬುದನ್ನು ಗಮನಿಸಬೇಕು. ಫಲವು ತಿಳಿದುಬರುವುದು ಹತ್ತು ಹದಿನೈದು ವರ್ಷಗಳ ಮೇಲೆ. ಹಣವನ್ನು ಕೊಡುವುದೂ ನೆಲವನ್ನು ವಶಪಡಿಸಿಕೊಳ್ಳುವುದೂ ಮೊದಲನೆಯ ವರ್ಷದಲ್ಲಿ. ವಿವೇಚಿಸಬೇಕಾದ ಕಾಲದಲ್ಲಿ ಕಾಣದಿರುವ ಧರ್ಮವು ವ್ಯಾವರ್ತಕವಾಗಲಾರದು. ಕರುವು ದೊಡ್ಡದಾಗಿ ಹಾಲು ಕೊಟ್ಟಮೇಲೆ ಅದು ಹಸುವೆಂದು ತಿಳಿಯುವುದಾದರೆ ಸಂತೆಯಲ್ಲಿ ಕೊಳ್ಳುವವನಿಗೆ ಆ ಲಕ್ಷಣದಿಂದ ಉಪಯೋಗವೇನು? ಆದುದರಿಂದ ಆರಂಭದಲ್ಲಿಯೇ ಕಾಣತಕ್ಕ ಧರ್ಮವೊಂದು ಲಕ್ಷಣದಲ್ಲಿ ಸೇರಬೇಕಾಗಿದೆ.

೪. ಕರ್ತೃಲೋಪ

ಆ ಧರ್ಮವು ಯಾವುದೆಂಬುದನ್ನು ಹುಡುಕಲು ವ್ಯಾಕರಣವು ಸಹಾಯಕವಾಗಿದೆ. ನೈರೋಬಿಯ ಲಕ್ಷಣದಲ್ಲಿ ಕ್ರಿಯಾಪದಗಳು ಹಲವುಂಟು: ರಕ್ಷಿಸುವುದು, ನೆಲೆಗೊಳಿಸುವುದು, ಬಳಸುವುದು, ನಿರ್ವಹಿಸುವುದು. ಕರ್ಮಕಾರಕವುಂಟು: ಜೀವಮಂಡಲ. ಅಧಿಕರಣವುಂಟು: ನೆಲ, ನೀರು, ಕಡಲು. ಫಲವೂ ಉಂಟು. ಕರ್ತೃ ಮಾತ್ರ ಇಲ್ಲ. ಯಾರು ರಕ್ಷಿಸತಕ್ಕವರು, ಯಾವ ಅಧಿಕಾರದಿಂದ, ಯಾವ ಜೀವನೋಪಾಯದಿಂದ ಎಂಬ ಆಕಾಂಕ್ಷೆಯು ಶಮನವಾಗದೆ ಉಳಿಯುತ್ತದೆ. ಕರ್ತೃವನ್ನು ಹೇಳದ ವಾಕ್ಯದಲ್ಲಿ ಶ್ರೋತೃವು ತನಗೆ ಬೇಕಾದವನನ್ನು ಅಧ್ಯಾಹಾರ ಮಾಡಿಕೊಳ್ಳುವನು. ಹಣ ಕೊಡುವವನು ಸಂಸ್ಥೆಯನ್ನು ಅಧ್ಯಾಹರಿಸುವನು, ಸಂಸ್ಥೆಯು ಅರಣ್ಯ ಇಲಾಖೆಯನ್ನು, ಇಲಾಖೆಯು ಗುತ್ತಿಗೆದಾರನನ್ನು. ಊರಿನವನನ್ನು ಅಧ್ಯಾಹರಿಸುವವರು ವಿರಳ.

ಆಫ್ರಿಕದ ನೈಜರ್ ದೇಶದ ವೃತ್ತಾಂತವು ಈ ವಿಷಯದಲ್ಲಿ ಪ್ರಬಲವಾದ ದೃಷ್ಟಾಂತ. ಸಹಾರ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಮರಾದಿ, ಜಿಂದರ್ ಪ್ರಾಂತಗಳಲ್ಲಿ ೧೯೭೦ ಮತ್ತು ೧೯೮೦ರ ದಶಕಗಳ ಕ್ಷಾಮಗಳ ತರುವಾಯ ಸಸಿ ನೆಡುವ ಪ್ರಯತ್ನಗಳು ಬಹುಮಟ್ಟಿಗೆ ವಿಫಲವಾದವು. ಆ ಕೆಲಸದಲ್ಲಿ ತೊಡಗಿದ್ದ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯದ ಕೃಷಿತಜ್ಞನು, ಬಯಲಿನಲ್ಲಿ ಕುರುಚಲಿನಂತೆ ತೋರುತ್ತಿದ್ದುದು ಕಡಿದ ಮರಗಳ ಬುಡದಿಂದ ಚಿಗುರಿದ ಕುಡಿಗಳೆಂದೂ, ಬೇರುಗಳು ನೆಲದೊಳಗೆ ಜೀವದಿಂದಿರುವವೆಂದೂ ಕಂಡುಕೊಂಡನು. ಕೆಲವು ಕುಡಿಗಳನ್ನು ಉಳಿಸಿ ಮಿಕ್ಕವನ್ನು ಸವರಿದರೆ ಸಸಿಯಿಲ್ಲದೆ, ನೀರೆರೆಯದೆ ಮರವಾಗುವುದು. ೧೯೮೦ರ ದಶಕದ ಮಧ್ಯದಿಂದ ಈ ಪದ್ಧತಿಯು ರೈತನಿಂದ ರೈತನಿಗೆ ಹಬ್ಬಿ ಸುಮಾರು ೫೦ ಲಕ್ಷ ಹೆಕ್ಟೇರು ಹೊಲಗಳಲ್ಲಿ ಮರಗಳು ಎದ್ದುವೆಂದು ೨೦೦೯ರ ಒಂದು ಸಮೀಕ್ಷೆಯು ತಿಳಿಸುತ್ತದೆ.

ಇಲ್ಲಿ ವಿಚಾರಿಸತಕ್ಕುದು ಬೇರೆ. ಬೇರುಗಳು ಮೊದಲೂ ಇದ್ದವು. ಮಳೆಯೂ ಆಗಾಗ ಬರುತ್ತಿದ್ದಿತು. ಆದರೂ ರೈತರು ಕುಡಿಗಳನ್ನು ಏಕೆ ಉಳಿಸುತ್ತಿರಲಿಲ್ಲ? ಅರಣ್ಯದ ಕಾನೂನಿನ ಪ್ರಕಾರ ಹೊಲದಲ್ಲಿ ಎದ್ದ ಮರವೂ ಸರ್ಕಾರದ ಸ್ವತ್ತಾಗಿದ್ದಿತು. ಕೊಂಬೆ ಕಡಿದವನಿಗೆ ದಂಡ ಬೀಳುತ್ತಿದ್ದಿತು. ತನ್ನದಲ್ಲದ ಮರವನ್ನು ತನ್ನ ಜೋಳದ ನಡುವೆ ಯಾರು ಸಾಕಿಯಾರು? ಆ ಕಾನೂನಿನ ಬಿಗಿಯು ವ್ಯವಹಾರದಲ್ಲಿ ಸಡಿಲವಾಗಿ, ಮರವು ಸಾಕಿದವನದೆಂಬ ನಂಬಿಕೆ ಬಂದಮೇಲೆ ಮರಗಳು ಎದ್ದವು. ಪ್ರಕೃತಿಯು ಅದೇ, ಬದಲಾದುದು ಕರ್ತೃವಿನ ಸ್ವಾಮ್ಯ. ಇದಕ್ಕೆ ಪ್ರತಿಯಾಗಿ, ೨೦೦೭ರಲ್ಲಿ ಆಫ್ರಿಕದ ರಾಷ್ಟ್ರಗಳ ಒಕ್ಕೂಟವು ಆರಂಭಿಸಿದ ‘ಹಸುರಿನ ಮಹಾಗೋಡೆ’ಯ ಯೋಜನೆಯು ೨೦೩೦ರೊಳಗೆ ೧೦ ಕೋಟಿ ಹೆಕ್ಟೇರು ನೆಲವನ್ನು ಸುಧಾರಿಸಬೇಕೆಂದು ಗುರಿಯಿಟ್ಟುಕೊಂಡಿದ್ದಿತು. ೨೦೨೦ರ ಸ್ಥಿತಿವರದಿಯಲ್ಲಿ ಗೋಡೆಗೆಂದು ಗೊತ್ತುಮಾಡಿದ ಪ್ರದೇಶದೊಳಗೆ ಸುಧಾರಿಸಿದುದೆಂದು ಲೆಕ್ಕಕ್ಕೆ ಬಂದುದು ಸುಮಾರು ೪೦ ಲಕ್ಷ ಹೆಕ್ಟೇರು. ನೆಲ, ಮಳೆ, ಮರಗಳ ಜಾತಿ ಎಲ್ಲವೂ ಬಹುಮಟ್ಟಿಗೆ ಸಮಾನವಾಗಿರಲು, ಫಲಭೇದಕ್ಕೆ ಕಾರಣವನ್ನು ಕರ್ತೃಭೇದದಲ್ಲಿ ಹುಡುಕುವುದು ನ್ಯಾಯವಾಗಿದೆ.

ಇದಕ್ಕೂ ಪ್ರತ್ಯುತ್ತರವುಂಟು. ನೈರೋಬಿಯ ನಿರ್ಣಯವು ಸ್ಥಳೀಯ ಜನರ ಮತ್ತು ಆದಿವಾಸಿಗಳ ಹಿತರಕ್ಷಣೆಯನ್ನು ಬೇರೊಂದು ವಾಕ್ಯದಲ್ಲಿ ಹೇಳಿದೆ. ಪ್ರಕೃತಿ ಸಂರಕ್ಷಣ ಸಂಘವು ೨೦೨೦ರಲ್ಲಿ ಹೊರಡಿಸಿದ, ಎಂಟು ಮಾನದಂಡಗಳುಳ್ಳ ಗ್ರಂಥವು ಎಲ್ಲರನ್ನೂ ಒಳಗೊಂಡ ಆಡಳಿತವನ್ನು ಅವುಗಳಲ್ಲಿ ಒಂದಾಗಿ ಎಣಿಸಿದೆ. ಇದು ನಿಜವೇ, ಶ್ಲಾಘ್ಯವೂ ಹೌದು. ಆದರೆ ಮೀಮಾಂಸಕರು ಪ್ರಧಾನಕ್ಕೂ ಗುಣಕ್ಕೂ ಭೇದವನ್ನು ಹೇಳಿರುವುದು ಇಂತಹ ಸ್ಥಳದಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಅಂಗದಲ್ಲಿ ಲೋಪವಾದರೆ ಕರ್ಮವು ವಿಗುಣವಾಗುವುದು, ಅಷ್ಟೆ. ಪ್ರಧಾನವೇ ಇಲ್ಲವಾದರೆ ಕರ್ಮವೇ ಇಲ್ಲ. ಕರ್ತೃವನ್ನು ಅಂಗಗಳ ಸಾಲಿನಲ್ಲಿ ಇಟ್ಟುದರಿಂದ, ಊರಿನವರನ್ನು ಕೇಳದೆ ಮಾಡಿದ ಕಾರ್ಯವೂ ‘ಸ್ವಲ್ಪ ಊನವಾದ ಪರಿಹಾರ’ವೆಂಬ ಹೆಸರಿನಿಂದ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತದೆ. ಕರ್ತೃವು ಲಕ್ಷಣವಾಕ್ಯದಲ್ಲಿಯೇ ಇದ್ದರೆ ಅದಕ್ಕೆ ಪಂಕ್ತಿಯೇ ದೊರೆಯುತ್ತಿರಲಿಲ್ಲ.

೫. ಅವ್ಯಾಪ್ತಿ: ಕೆರೆಗಳ ಸಾಕ್ಷ್ಯ

ಕರ್ತೃವು ಬಿಟ್ಟುಹೋದ ಲಕ್ಷಣದಲ್ಲಿ ಒಳಗೆ ಬರತಕ್ಕ ಕೆಲವು ವಸ್ತುಗಳೂ ಹೊರಗೆ ನಿಲ್ಲುತ್ತವೆ. ದಕ್ಷಿಣ ಭಾರತದ ಕೆರೆಯು ಅವುಗಳಲ್ಲಿ ಮುಖ್ಯವಾದುದು. ಕರ್ನಾಟಕವೊಂದರಲ್ಲಿಯೇ ಕೆರೆಗಳ ಸಂಖ್ಯೆಯನ್ನು ಸುಮಾರು ೩೬,೦೦೦ವೆಂದು ಎಣಿಸಿರುವರು. ಏರಿ, ತೂಬು, ಕೋಡಿಗಳು ಮನುಷ್ಯನಿರ್ಮಿತ. ಹಕ್ಕಿ, ಮೀನು, ಜೊಂಡು, ಅಂತರ್ಜಲಗಳು ಸಹಜ. ಮಳೆ ಹೆಚ್ಚಾದರೆ ನೆರೆಯನ್ನು ತಡೆಯುವುದು, ಕಡಮೆಯಾದರೆ ಬಾವಿಗಳಿಗೆ ಒಸರುವುದು ಕೆರೆಯ ಗುಣ. ಹವಾಗುಣವು ಮಾರ್ಪಟ್ಟು ಮಳೆಯು ಕೆಲವೇ ದಿನಗಳಲ್ಲಿ ಸುರಿದು ಹೋಗುವ ಕಾಲದಲ್ಲಿ ಇದಕ್ಕಿಂತ ತಕ್ಕ ಉಪಾಯವು ಒಣಸೀಮೆಗೆ ಬೇರಿಲ್ಲ. ‘ಮಾರ್ಪಾಟು ಹೊಂದಿದ ಜೀವಮಂಡಲ’ವೆಂಬ ಮಾತಿನಿಂದ ಕೆರೆಯೂ ಸಂಗೃಹೀತವಾಯಿತೆಂದು ಹೇಳಬಹುದು. ಆದರೆ ಹಾಗೆ ಸಂಗೃಹೀತವಾದುದು ನೀರೂ ಹಕ್ಕಿಯೂ ಮಾತ್ರ. ತೂಬನ್ನು ಎತ್ತುವ ನೀರಗಂಟಿಯು ಹೊರಗೇ ಉಳಿದನು.

ಕೊಲ್ಕತ್ತದ ಪೂರ್ವದಲ್ಲಿರುವ ಜೌಗುಭೂಮಿಯೂ ಹಾಗೆಯೇ. ಅಲ್ಲಿ ಸುಮಾರು ೧೨,೫೦೦ ಹೆಕ್ಟೇರು ಪ್ರದೇಶದಲ್ಲಿ ನಗರದ ಕೊಳೆನೀರು ಆಳವಿಲ್ಲದ ಕೊಳಗಳಲ್ಲಿ ಹರಡಿ, ಬಿಸಿಲಿನಿಂದಲೂ ಪಾಚಿಯಿಂದಲೂ ಶುದ್ಧವಾಗಿ ಮೀನಿಗೆ ಆಹಾರವಾಗುತ್ತದೆ. ೨೦೦೨ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಧ್ರುವಜ್ಯೋತಿ ಘೋಷರೆಂಬ ಎಂಜಿನಿಯರು ಅದರ ಮರ್ಮವನ್ನು ಲೋಕಕ್ಕೆ ತಿಳಿಸಿಕೊಟ್ಟವರು. ಯಾವ ಕೊಳಕ್ಕೆ ಯಾವಾಗ ಎಷ್ಟು ಕೊಳೆನೀರನ್ನು ಬಿಡಬೇಕೆಂಬ ಮೀನುಗಾರರ ಜ್ಞಾನವೇ ಅಲ್ಲಿನ ಯಂತ್ರ. ಅವರು ಎದ್ದು ಹೋದರೆ ಉಳಿಯುವುದು ಬರಿಯ ಕೊಳಕು ನೀರು.

ಪ್ರಾಚೀನರು ಈ ವಿಷಯವನ್ನು ಹೇಗೆ ಗ್ರಹಿಸಿದ್ದರೆಂಬುದಕ್ಕೆ ಶಾಸನಗಳು ಸಾಕ್ಷಿಯಾಗಿವೆ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಅನಂತರಾಜಸಾಗರದ ಸಂಸ್ಕೃತ ಶಾಸನವು ಶಕವರ್ಷ ೧೨೯೧ಕ್ಕೆ, ಎಂದರೆ ಕ್ರಿ. ಶ. ೧೩೬೯ಕ್ಕೆ, ಸೇರಿದುದು. ಪ್ರತಿದಿನವೂ ಸಾವಿರ ಆಳುಗಳೂ ಕಲ್ಲು ಹೊರುವ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸವು ಮುಗಿಯಿತೆಂದು ಅದು ಹೇಳುತ್ತದೆ. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಅದು ಎಣಿಸಿದೆ. ಏರಿಯಿಂದ ನೀರು ಜಿನುಗುವುದು, ಚೌಳುನೆಲ, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಅಲ್ಪವಾಗಿ ನೆಲವು ಅಧಿಕವಾಗಿರುವುದು, ನೆಲವು ಅಲ್ಪವಾಗಿ ನೀರು ಅಧಿಕವಾಗಿರುವುದು ಇವೇ ಆ ದೋಷಗಳು. ಎಲ್ಲೆಯ ಮೇಲಿರುವುದನ್ನು ಚೌಳುನೆಲದ ಪಕ್ಕದಲ್ಲಿಯೇ ಎಣಿಸಿರುವುದು ಗಮನಾರ್ಹ. ಕೆರೆಯ ದೋಷವು ಮಣ್ಣಿನಲ್ಲಿರುವಂತೆ ಆಡಳಿತದಲ್ಲಿಯೂ ಇರಬಹುದೆಂದು ಶಾಸನಕಾರನು ಬಲ್ಲವನಾಗಿದ್ದನು.

ಆದರೂ ಪ್ರಾಚೀನವೆಂಬ ಮಾತ್ರಕ್ಕೆ ಆ ಪಟ್ಟಿಯನ್ನು ಪರೀಕ್ಷೆಯಿಲ್ಲದೆ ಒಪ್ಪಲಾಗದು. ಹನ್ನೆರಡು ಸಾಧನಗಳಲ್ಲಿ ಕೀರ್ತಿಯನ್ನು ಬಯಸುವ ರಾಜನುಂಟು, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣನುಂಟು, ಕಟ್ಟಡದಲ್ಲಿ ನಿಪುಣರಾದ ಕೆಲಸಗಾರರ ಗುಂಪುಂಟು; ಕಟ್ಟಿದಮೇಲೆ ಹೂಳೆತ್ತುವವನೂ ತೂಬು ಕಾಯುವವನೂ ಇಲ್ಲ. ನಿರ್ಮಾತೃವನ್ನು ಹೇಳಿ ಪಾಲಕನನ್ನು ಮರೆತ ಈ ಲೋಪವು ನೈರೋಬಿಯ ಲೋಪಕ್ಕೆ ಹತ್ತಿರದ ಬಂಧುವಾಗಿದೆ. ಶಾಸ್ತ್ರವು ಬಿಟ್ಟುದನ್ನು ವ್ಯವಹಾರವು ತುಂಬಿತು. ಕನ್ನಡದ ಶಾಸನಗಳಲ್ಲಿ ಬರುವ ‘ಕಟ್ಟುಗೊಡಗೆ’, ‘ಬಿತ್ತುವಟ್ಟ’, ‘ದಸವಂದ’ ಎಂಬ ಪದಗಳನ್ನು ನೋಡಬೇಕು. ಕೆರೆಯನ್ನು ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ, ಪಾಲಿಸುವವನಿಗೆ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಇವುಗಳ ಅರ್ಥ. ಕೆರೆಯನ್ನು ದಾನಮಾಡಿದವನು ಅದರ ಪಾಲನೆಗೆ ಜೀವನವನ್ನೂ ಕಲ್ಲಿನಲ್ಲಿ ಕೆತ್ತಿಸುತ್ತಿದ್ದನು. ಕ್ರಿಯೆಯೂ ಕರ್ತೃವೂ ಒಂದೇ ವಾಕ್ಯದಲ್ಲಿ ಇದ್ದವು.

ಹೀಗೆಂದು ಹಿಂದಿನದನ್ನೆಲ್ಲ ಕೊಂಡಾಡುವುದೂ ಪ್ರಮಾದವೇ. ತಮಿಳುನಾಡಿನ ಕೆರೆಗಳನ್ನು ಕುರಿತು ಡೇವಿಡ್ ಮೊಸ್ಸೆ ಎಂಬ ವಿದ್ವಾಂಸನು ೨೦೦೩ರಲ್ಲಿ ಪ್ರಕಟಿಸಿದ ಗ್ರಂಥವು, ಆ ವ್ಯವಸ್ಥೆಯು ಅಧಿಕಾರ ಮತ್ತು ಜಾತಿಗಳ ಶ್ರೇಣಿಯೊಡನೆ ಹೆಣೆದುಕೊಂಡಿದ್ದಿತೆಂದು ತೋರಿಸಿದೆ. ಅಚ್ಚುಕಟ್ಟಿನ ಗದ್ದೆಯೊಂದು ವರ್ಗಕ್ಕೆ, ಹೂಳೆತ್ತುವ ಬಿಟ್ಟಿಯೊಂದು ವರ್ಗಕ್ಕೆ ಎಂಬ ಸ್ಥಿತಿ ಕನ್ನಡ ನಾಡಿಗೂ ಹೊಸದಲ್ಲ. ನಾಡಿನ ಜನಪದವೂ ಇದನ್ನು ಮರೆಮಾಚಿಲ್ಲ. ‘ಕೆರೆಗೆ ಹಾರ’ವೆಂಬ ಕಥನಗೀತದಲ್ಲಿ ನೀರು ಬಾರದ ಕೆರೆಗೆ ಆಹುತಿಯಾದವಳು ಕಟ್ಟಿಸಿದ ಗೌಡನಲ್ಲ, ಮನೆಯ ಕಿರಿಯ ಸೊಸೆ ಭಾಗೀರಥಿ. ಊರಿಗೆ ಒದಗಿದ ಲಾಭಕ್ಕೆ ಬೆಲೆ ತೆತ್ತವರಾರೆಂಬ ಪ್ರಶ್ನೆಯನ್ನು ಆ ಗೀತವು ಕೇಳಿದಷ್ಟು ನೇರವಾಗಿ ಯಾವ ಯೋಜನಾವರದಿಯೂ ಕೇಳಿದಂತೆ ಕಾಣದು.

೧೯೬೧ರ ಗ್ರಾಮಾಧಿಕಾರ ರದ್ದಿಯಾತಿಯ ಕಾಯಿದೆಯು ಕರ್ನಾಟಕದಲ್ಲಿ ವಂಶಪಾರಂಪರ್ಯವಾದ ಗ್ರಾಮಸೇವೆಗಳನ್ನು ಕೊನೆಗಾಣಿಸಿತು. ಹುಟ್ಟಿನಿಂದ ಬಂದ ಊಳಿಗವು ತೊಲಗಿದುದು ನ್ಯಾಯವೇ. ಆದರೆ ನೀರಗಂಟಿಯ ಬಂಧನವು ಹೋದಂತೆ ಅವನ ಸ್ಥಾನಕ್ಕೆ ಸ್ವತಂತ್ರನಾದ, ತಕ್ಕ ವೇತನವುಳ್ಳ ಪಾಲಕನು ಎಲ್ಲೆಡೆಯೂ ಬರಲಿಲ್ಲ. ಏರಿಗಳು ಸೋರಿದವು, ಕಾಲುವೆಗಳು ಒತ್ತುವರಿಯಾದವು. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗವು ನೀರಿನಲ್ಲಿ ಮುಳುಗಿದಾಗ ಕೆರೆಯಿಂದ ಕೆರೆಗೆ ನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳ ನೆನಪು ನಗರಕ್ಕೆ ಬಂದಿತು. ೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಆರಂಭವಾದ ಕೆರೆಗಳ ಪುನಶ್ಚೇತನ ಯೋಜನೆಯು ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿದುದು ಕರ್ತೃವನ್ನು ಮರಳಿ ವಾಕ್ಯಕ್ಕೆ ತರುವ ಪ್ರಯತ್ನವೇ ಆಗಿದ್ದಿತು. ಆದರೆ ಯೋಜನೆಯ ಅವಧಿಯ ಹಣದಿಂದ ಸ್ಥಾಪಿತನಾದ ಕರ್ತೃವು ಅವಧಿಯು ಮುಗಿದಮೇಲೆ ಯಾವ ಬಿತ್ತುವಟ್ಟದಿಂದ ಬಾಳಬೇಕೆಂಬ ಪ್ರಶ್ನೆಗೆ ಹಳೆಯ ಶಾಸನಗಳು ಕೊಟ್ಟಷ್ಟು ಸ್ಪಷ್ಟವಾದ ಉತ್ತರವು ಇಂತಹ ಯೋಜನೆಗಳಲ್ಲಿ ಅಪರೂಪ.

೬. ಅಸಂಭವದ ಶಂಕೆ

ಮೂರನೆಯ ದೋಷವಾದ ಅಸಂಭವವು ಈ ಲಕ್ಷಣಕ್ಕೆ ಇಂದು ಮುಖ್ಯಾರ್ಥದಲ್ಲಿ ಅನ್ವಯಿಸದು. ಆದರೆ ಅದರ ನೆರಳು ಕಾಣಿಸಿಕೊಂಡಿದೆ. ಮಾಲ್ದೀವ್ಸ್, ಕಿರಿಬಾಸ್ ಮೊದಲಾದ ತಗ್ಗಿನ ದ್ವೀಪದೇಶಗಳಿಗೆ ಹವಳದ ದಿಬ್ಬಗಳೇ ಅಲೆಗಳನ್ನು ಮುರಿಯುವ ಗೋಡೆ. ಭೂಮಿಯ ತಾಪವು ೧.೫ ಡಿಗ್ರಿ ಏರಿದರೆ ಲೋಕದ ಹವಳದ ದಿಬ್ಬಗಳಲ್ಲಿ ನೂರಕ್ಕೆ ೭೦ರಿಂದ ೯೦ರಷ್ಟು, ೨ ಡಿಗ್ರಿ ಏರಿದರೆ ೯೯ಕ್ಕೂ ಹೆಚ್ಚು ಕ್ಷಯಿಸುವುವೆಂದು ಹವಾಗುಣದ ಅಂತರಸರ್ಕಾರೀ ಸಮಿತಿಯು ೨೦೧೮ರ ವರದಿಯಲ್ಲಿ ಹೇಳಿದೆ. ತಾಪವೇರಿದಂತೆ ಜೀವಮಂಡಲವನ್ನು ಆಶ್ರಯಿಸಿದ ಉಪಾಯಗಳ ಸಾಮರ್ಥ್ಯವು ಕುಗ್ಗುವುದೆಂಬುದು ಅದೇ ಸಮಿತಿಯ ೨೦೨೨ರ ವರದಿಯ ಅಭಿಪ್ರಾಯ. ರಕ್ಷಕನೇ ರೋಗಗ್ರಸ್ತನಾದಲ್ಲಿ ರಕ್ಷಣೆಯೆಲ್ಲಿ? ಆದುದರಿಂದ ಹೊಗೆಯನ್ನು ಹೆಚ್ಚಾಗಿ ಹೊರಬಿಟ್ಟ ಸಿರಿವಂತ ದೇಶಗಳು ಅದನ್ನು ತಗ್ಗಿಸದೆ, ಬಡದೇಶಗಳ ಕಾಡುಕೆರೆಗಳನ್ನು ತೋರಿಸಿ ನಿಶ್ಚಿಂತರಾಗುವುದಕ್ಕೆ ಈ ಹೆಸರು ಆಶ್ರಯವಾಗಕೂಡದು.

ಪ್ರಕೃತಿಯ ರಕ್ಷಣೆಯು ಇತರ ಉಪಾಯಗಳಿಗೆ ಬದಲಿಯೂ ಅಲ್ಲ. ೧೯೯೯ರ ಅಕ್ಟೋಬರ್ ೨೯ರಂದು ಒಡಿಶಾದ ಕರಾವಳಿಗೆ ಬಡಿದ ಮಹಾಚಂಡಮಾರುತದ ವಿಷಯವಾಗಿ ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಎಂಬವರು ೨೦೦೯ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ದೃಷ್ಟಿಯಿಂದ ಮಾದರಿಯಾಗಿದೆ. ಕೇಂದ್ರಾಪಾಡಾ ಜಿಲ್ಲೆಯಲ್ಲಿ, ಕಡಲಿಗೂ ಊರಿಗೂ ನಡುವೆ ಕಾಂಡ್ಲಾ ವನವು ಅಗಲವಾಗಿದ್ದ ಹಳ್ಳಿಗಳಲ್ಲಿ ಸಾವುಗಳು ಕಡಮೆಯೆಂದು ಅವರು ಸಿದ್ಧಪಡಿಸಿದರು. ಅದರ ಜೊತೆಗೆ, ಸರ್ಕಾರವು ಮುಂಚಿತವಾಗಿ ಕೊಟ್ಟ ಎಚ್ಚರಿಕೆಯು ಕಾಂಡ್ಲಾ ವನಕ್ಕಿಂತ ಹೆಚ್ಚು ಜೀವಗಳನ್ನು ಉಳಿಸಿತೆಂಬುದನ್ನೂ ಮರೆಮಾಡದೆ ಹೇಳಿದರು. ವನದ ಪಕ್ಷಪಾತಿಗಳು ಮೊದಲನೆಯ ಮಾತನ್ನು ಮಾತ್ರ ಉದಾಹರಿಸುವರು. ಎರಡನ್ನೂ ಕೂಡಿಸಿ ಓದಿದವನಿಗೆ, ಎಚ್ಚರಿಕೆಯ ಗಂಟೆಯೂ ವನವೂ ಒಂದಕ್ಕೊಂದು ಸಹಕಾರಿಗಳೆಂಬುದು ತಿಳಿಯುತ್ತದೆ.

೭. ಸಿದ್ಧಾಂತ

ಮೇಲ್ಕಂಡ ಪರೀಕ್ಷೆಯಿಂದ ಪ್ರಚಲಿತವಾದ ಲಕ್ಷಣವು ತ್ಯಾಜ್ಯವೆಂದು ಸಿದ್ಧವಾಗದು, ಪರಿಷ್ಕಾರ್ಯವೆಂದು ಸಿದ್ಧವಾಗುವುದು. ಪರಿಷ್ಕಾರವು ಹೀಗಿರಬಹುದು: ಜೀವಮಂಡಲವನ್ನು ಕಾಯುವ ಅಥವಾ ಪುನಃ ನೆಲೆಗೊಳಿಸುವ ಯಾವ ಕ್ರಿಯೆಯಲ್ಲಿ ಅದರ ಲಾಭನಷ್ಟಗಳನ್ನು ಅನುಭವಿಸತಕ್ಕ ಜನರೇ, ಆ ನೆಲಜಲಗಳ ಮೇಲೆ ನಿಶ್ಚಿತವಾದ ಅಧಿಕಾರವನ್ನೂ ಪಾಲನೆಗೆ ನಿಶ್ಚಿತವಾದ ಜೀವನವನ್ನೂ ಪಡೆದು, ಸ್ವತಂತ್ರರಾದ ಪಾಲಕರಾಗಿರುವರೋ, ಮತ್ತು ಯಾವುದರಿಂದ ವಿಪತ್ತಿನ ನಿವಾರಣೆಯೂ ಜೀವವೈವಿಧ್ಯವೂ ಉದ್ದಿಷ್ಟವಾಗಿವೆಯೋ ಅದೇ ಪ್ರಕೃತ್ಯಾಧಾರಿತ ಪರಿಹಾರ. ‘ಸ್ವತಂತ್ರ’ವೆಂಬ ವಿಶೇಷಣವು ಬಿಟ್ಟಿಯ ಊಳಿಗವನ್ನು ಹೊರಹಾಕುವುದಕ್ಕಾಗಿ, ಪಾಣಿನಿಯ ಮತದಲ್ಲಿಯೂ ಕರ್ತೃವಿನ ಸ್ವರೂಪವು ಸ್ವಾತಂತ್ರ್ಯವೇ. ಅಧಿಕಾರವೂ ಜೀವನವೂ ಮೊದಲ ದಿನದಲ್ಲಿಯೇ ಕಾಗದದಲ್ಲಿ ಕಾಣತಕ್ಕವಾದುದರಿಂದ ಫಲಕ್ಕಾಗಿ ಹದಿನೈದು ವರ್ಷ ಕಾಯದೆ ವಿವೇಚನೆ ಸಾಧ್ಯವಾಗುವುದು.

ಜನರೇ ಇಲ್ಲದ ಘೋರಾರಣ್ಯದಲ್ಲಿ ಪಾಲಕರಾರು, ಅಲ್ಲಿ ಈ ಲಕ್ಷಣಕ್ಕೆ ಅವ್ಯಾಪ್ತಿಯು ಬಾರದೆ ಎಂದು ಕೇಳಬಹುದು. ಅಂತಹ ಅರಣ್ಯದಿಂದ ಇಳಿಯುವ ನೀರನ್ನು ನಂಬಿದವರು ಕಣಿವೆಯ ಕೆಳಗೆ ಇದ್ದೇ ಇರುವರು. ಅದನ್ನು ಕಡಿಯದೆ ಬಿಡುವುದೂ ಒಂದು ಸಂಕಲ್ಪಪೂರ್ವಕವಾದ ನಿವೃತ್ತಿ, ನಿವೃತ್ತಿಗೂ ಕರ್ತೃವುಂಟು. ಆದುದರಿಂದ ದೋಷವಿಲ್ಲ.

ಯೋಜನೆಗಳನ್ನು ಪರಿಶೀಲಿಸುವವರು ಎಷ್ಟು ಸಸಿಗಳು, ಎಷ್ಟು ಹೆಕ್ಟೇರು, ಎಷ್ಟು ಕೆರೆಗಳು ಎಂದು ಕೇಳುವ ಮೊದಲು, ಈ ಮರವು ಯಾರದು, ಈ ತೂಬಿನ ಬೀಗದ ಕೈ ಯಾರ ಹತ್ತಿರವಿದೆ, ಅವನ ಸಂಬಳವು ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಈ ಲಕ್ಷಣಪರೀಕ್ಷೆಯ ಪ್ರಯೋಜನವು ಸಿದ್ಧಿಸುವುದು. ಕಟ್ಟುಗೊಡಗೆ, ಬಿತ್ತುವಟ್ಟಗಳ ಶಾಸನಗಳನ್ನು ಜಿಲ್ಲೆಜಿಲ್ಲೆಯಾಗಿ ಸಂಗ್ರಹಿಸಿ, ಯಾವ ಕೆರೆಗೆ ಯಾವ ಪಾಲನಾವ್ಯವಸ್ಥೆಯಿದ್ದಿತು, ಅದು ಎಷ್ಟು ಕಾಲ ನಡೆಯಿತು, ಅದರ ಭಾರವನ್ನು ಹೊತ್ತವರಾರು ಎಂಬುದನ್ನು ಪಟ್ಟಿಮಾಡುವ ಕಾರ್ಯವು ಶಾಸನವಿದ್ವಾಂಸರಿಗೆ ಸೇರಿದುದು. ನೀರಾವರಿಯ ಎಂಜಿನಿಯರುಗಳೊಡನೆ ಕುಳಿತು ಅದನ್ನು ನಡೆಸಿದರೆ, ಹಳೆಯ ಕಲ್ಲುಬರಹಗಳಿಂದ ಮುಂಬರುವ ಬರಗಾಲಗಳಿಗೆ ಉಪಯುಕ್ತವಾದ ಜ್ಞಾನವು ದೊರೆಯುವುದರಲ್ಲಿ ಸಂದೇಹವಿಲ್ಲ.